ಮೀಟರ್ ಬೋರ್ಡಿನ ಮೇಲಿನ ಧೂಳು

ಜಡೆಪ್ಪನ ಮಗಳು ರೇಣುಕಾದೇವಿ ಏನು ಕೆಲಸ ಮಾಡುತ್ತಾಳೆ ಎಂದು ಚಿತ್ತವಾಡ್ಗಿಯಲ್ಲಿ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ. ಕರೆಂಟಿನ ಆಫೀಸು ಎನ್ನುವವರಿದ್ದಾರೆ, ಎಕ್ಸ್‌ರೇ ತೆಗೆಯುತ್ತಾಳೆ ಎನ್ನುವವರಿದ್ದಾರೆ. ಆಟೋ ಸ್ಟ್ಯಾಂಡಿನವನೊಬ್ಬ ತನ್ನ ಮೊಣಕಾಲಿನ ಫಿಲ್ಮು ಹಿಡಿದುಕೊಂಡು ಅವಳ ಮನೆಗೇ ಹೋಗಿದ್ದ. ಅವಳು ಬೇಸರಿಸದೆ ಅದನ್ನು ಬೆಳಕಿಗೆ ಹಿಡಿದು ನೋಡಿ, ತನಗೆ ಮೂಳೆ ತಿಳಿಯುವುದಿಲ್ಲ, ಮೂಳೆಯ ಮೇಲೆ ಧೂಳು ಕೂತಿದ್ದರೆ ಬೇಕಾದರೆ ಹೇಳಬಲ್ಲೆ ಎಂದು ಕಳಿಸಿದಳಂತೆ.

ತಮಾಷೆಗೆ ಹೇಳಿದ್ದಾದರೂ ಅವಳ ಕೆಲಸ ಅದೇ. ಸಂಡೂರು ರಸ್ತೆಯ ಒಂದು ಲೋಹ ಪರೀಕ್ಷಾ ಕೇಂದ್ರದಲ್ಲಿ ಅವಳು ವಸ್ತುಗಳ ಮೇಲ್ಮೈಯನ್ನು ಓದುತ್ತಾಳೆ. ನಾನು ಗುಜರಿ ವ್ಯಾಪಾರಿ, ಟನ್ನುಗಟ್ಟಲೆ ತೂಗುವವನು. ಅವಳು ತಲೆಗೂದಲಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತೆಳುವಾದ ಪದರವನ್ನು ನೋಡಲು ಇಡೀ ದಿನ ಕೂರುತ್ತಾಳೆ. ಇಷ್ಟು ಕಡಿಮೆ ಮಾಲು ನೋಡಿ ಸಂಬಳ ತಗೊಳ್ಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ ಎಂದು ಅವಳನ್ನು ರೇಗಿಸುತ್ತಿದ್ದೆ. ಹೋದ ವರ್ಷ ಶ್ರಾವಣದ ಆ ಒಂದು ವಾರ ಕಳೆದ ಮೇಲೆ ರೇಗಿಸುವುದನ್ನು ಬಿಟ್ಟಿದ್ದೇನೆ.

ಜಡೆಪ್ಪ ವಡ್ಡು ಎಂಬ ಹಳ್ಳಿಯವನು. ಕೂಲಿ ಹುಡುಕಿಕೊಂಡು ಹೊಸಪೇಟೆಗೆ ಬಂದು ನನ್ನ ಗುಜರಿಯಲ್ಲಿ ನಿಂತವನು ಇಪ್ಪತ್ತಾರು ವರ್ಷ ನನ್ನ ಜೊತೆಗೇ ಇದ್ದ. ಮಗಳು ಶಾಲೆ ಬಿಟ್ಟ ಮೇಲೆ ಸಂಜೆ ಅಪ್ಪನ ಬಳಿ ಬಂದು ಕೂರುತ್ತಿದ್ದಳು. ಹಿತ್ತಾಳೆಯ ಬಣ್ಣದ ನಲ್ಲಿಯೊಂದನ್ನು ಎತ್ತಿಕೊಟ್ಟು ಇದು ಏನು ಹೇಳು ಎಂದು ಅವನು ಕೇಳಬೇಕು, ಅವಳು ಮೊಳೆಯಿಂದ ಗೀರಿ ಒಳಗಿನ ಬಣ್ಣ ನೋಡಿ ಹೇಳಬೇಕು. ಗೀರದೆ ಹೇಳಿದರೆ ತಲೆಯ ಮೇಲೊಂದು ಮೊಟಕು. ಆಮೇಲೆ ಅವಳು ಬಳ್ಳಾರಿಗೆ ಹೋಗಿ ಭೌತಶಾಸ್ತ್ರ ಓದಿದಳು. ಕೆಲಸ ಸಿಕ್ಕ ದಿನ ನನ್ನ ಅಂಗಡಿಗೆ ಬಂದು, ಕಾಕಾ, ನಿಮ್ಮಲ್ಲಿ ಕಲಿತಿದ್ದನ್ನೇ ಅಲ್ಲೂ ಮಾಡೋದು, ಮೊಳೆ ಒಂದೇ ದುಬಾರಿ, ಅಂದಿದ್ದಳು.

ಆ ಶ್ರಾವಣಕ್ಕೆ ಮೂರು ವರ್ಷದ ಹಿಂದೆ, ಮುಚ್ಚಿಹೋದ ಒಂದು ಸಿಡಿಮದ್ದಿನ ಗೋದಾಮಿನ ಸಾಮಾನನ್ನು ನಾನು ಹರಾಜಿನಲ್ಲಿ ಹಿಡಿದೆ. ಅದರಲ್ಲಿ ಕಿಡಿ ಹಾರದ ಸುತ್ತಿಗೆ, ಉಳಿ, ಸ್ಪ್ಯಾನರ್‌ಗಳು ಇದ್ದವು. ಕಬ್ಬಿಣದ ಸುತ್ತಿಗೆ ಕಲ್ಲಿಗೆ ಬಡಿದರೆ ಕಿಡಿ ಏಳುತ್ತದೆ. ಮದ್ದಿರುವ ಕಡೆ ಅದು ನಡೆಯುವುದಿಲ್ಲ, ಆದ್ದರಿಂದ ತಾಮ್ರದ ಮಿಶ್ರಲೋಹದಲ್ಲಿ ಮಾಡುತ್ತಾರೆ. ನನ್ನ ಬಳಿ ಲೋಹ ಗುರುತಿಸುವ ಗನ್ ಇದೆ. ಮಾಲಿಗೆ ಹಿಡಿದು ಕುದುರೆ ಒತ್ತಿದರೆ ಯಾವ ಲೋಹ ಎಷ್ಟು ಎಂದು ಪರದೆಯ ಮೇಲೆ ಬರುತ್ತದೆ. ಹಿಡಿದೆ. ತಾಮ್ರ ತೊಂಬತ್ತೆಂಟು ಎಂದು ಬಂತು. ಗನ್ ಹೇಳಿದ ಮೇಲೆ ಇನ್ಯಾರನ್ನು ಕೇಳುವುದು? ಎಂಟು ತಿಂಗಳು ಜಡೆಪ್ಪ ನನ್ನ ಷೆಡ್ಡಿನ ಮೂಲೆಯಲ್ಲಿ ಕೂತು ಒಂದೊಂದನ್ನೂ ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು, ಚಪ್ಪಟೆಯಾದ ತಲೆ ಸರಿಮಾಡಿ, ಹಳೆಯ ಗುರುತು ಅಳಿಸಿ ಹೊಳಪು ಬರಿಸಿದ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದ. ಟವೆಲ್ ಸಾಕು ಎಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ.

ಕೆಮ್ಮು ಶುರುವಾದದ್ದು ಅದಾಗಿ ಒಂದೂವರೆ ವರ್ಷಕ್ಕೆ. ಮೊದಲು ಬೀಡಿ ಬಿಡಿಸಿದರು, ಕೆಮ್ಮು ಬಿಡಲಿಲ್ಲ. ಕಾಲುವೆ ಏರಿ ಹತ್ತುವಾಗ ನಡುವೆ ಎರಡು ಸಲ ಕೂರುವಂತಾಯಿತು. ಬಳ್ಳಾರಿಯ ಡಾಕ್ಟರು ಟಿಬಿ ಎಂದು ಮಾತ್ರೆ ಕೊಟ್ಟರು. ಮೂರು ತಿಂಗಳಾದರೂ ತೂಕ ಇಳಿಯುವುದು ನಿಲ್ಲಲಿಲ್ಲ. ಶ್ವಾಸಕೋಶದ ಚೂರು ತೆಗೆದು ನೋಡಿದರೆ ಗಂಟುಗಳಿವೆ, ಟಿಬಿಯ ಕ್ರಿಮಿ ಇಲ್ಲ. ಆಗ ಅವರು ರೇಣುಕಾದೇವಿಯನ್ನು ಕೂರಿಸಿ ಹೇಳಿದ್ದು ಇಷ್ಟು: ಯಾವುದೋ ಲೋಹದ ಧೂಳಿನಿಂದಲೂ ಹೀಗೆ ಆಗುತ್ತದೆ. ಹಾಗಿದ್ದರೆ ಔಷಧ ಪೂರ್ತಿ ಬೇರೆ. ಆದರೆ ಆ ಔಷಧವನ್ನು ಟಿಬಿ ಇದ್ದವನಿಗೆ ಕೊಟ್ಟರೆ ರೋಗ ಕೆರಳಿ ಆಳನ್ನೇ ತೆಗೆಯಬಹುದು. ನಿಮ್ಮ ತಂದೆ ಏನು ಉಸಿರಾಡಿದ್ದಾರೆ ಎಂದು ತಿಳಿದು ಬನ್ನಿ. ಮುಂದಿನ ವಾರದ ಗುರುವಾರದೊಳಗೆ ಒಂದು ದಾರಿ ಹಿಡಿಯಲೇಬೇಕು.

ಅವಳು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಾಕಾ, ಆ ಸುತ್ತಿಗಿಗೆ ಗನ್ ಹಿಡಿದಾಗ ತಾಮ್ರದ ಜೊತಿಗೆ ಇನ್ನೇನು ಬಂದಿತ್ತು?"

ಕೋಬಾಲ್ಟ್ ಚೂರೇ ಚೂರು ತೋರಿಸಿದ ನೆನಪು, ಅಂದೆ. ಅವಳು ನನ್ನ ಗನ್ನನ್ನು ಎತ್ತಿ ನೋಡಿ ಮತ್ತೆ ಮೇಜಿನ ಮೇಲಿಟ್ಟಳು. ಆಮೇಲೆ ತಿಳಿಸಿ ಹೇಳಿದಳು. ಬೆರಿಲಿಯಂ ಎಂಬ ಒಂದು ಲೋಹವಿದೆ. ಭಾಳ ಹಗುರ. ತಾಮ್ರಕ್ಕೆ ನೂರರಲ್ಲಿ ಎರಡು ಪಾಲು ಬೆರೆಸಿದರೆ ತಾಮ್ರ ಉಕ್ಕಿನಷ್ಟು ಗಟ್ಟಿಯಾಗುತ್ತದೆ. ಅದರ ಜೊತೆಗೆ ಚೂರು ಕೋಬಾಲ್ಟ್ ಹಾಕುವುದು ರೂಢಿ. ಕಿಡಿ ಹಾರದ ಸುತ್ತಿಗೆಗಳನ್ನು ಅದರಲ್ಲೂ ಮಾಡುತ್ತಾರೆ, ಅಲ್ಯೂಮಿನಿಯಂ ಬೆರೆಸಿದ್ದರಲ್ಲೂ ಮಾಡುತ್ತಾರೆ. ಅಲ್ಯೂಮಿನಿಯಂ ಆದರೆ ಚಿಂತೆಯಿಲ್ಲ. ಬೆರಿಲಿಯಂ ಸುತ್ತಿಗೆ ಕೈಯಲ್ಲಿ ಹಿಡಿದರೆ ಏನೂ ಆಗದು, ಅರೆದು ಅದರ ಧೂಳು ಕುಡಿದರೆ ಕೆಲವರ ಶ್ವಾಸಕೋಶ ಗಂಟು ಕಟ್ಟುತ್ತದೆ. ನಿಮ್ಮ ಗನ್ನಿಗೆ ಅಲ್ಯೂಮಿನಿಯಮ್ಮೇ ಸರಿಯಾಗಿ ಕಾಣದು, ಅಷ್ಟು ಹಗುರದ್ದು ಕಾಣುವುದೇ ಇಲ್ಲ. ಅದರ ಪಾಲಿಗೆ ಅದು ಇಲ್ಲವೇ ಇಲ್ಲ.

ನನ್ನ ಗನ್ ಮೇಜಿನ ಮೇಲೇ ಇತ್ತು. ಅದಕ್ಕೆ ಎಷ್ಟು ಕೊಟ್ಟಿದ್ದೆ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಸುತ್ತಿಗೆಗಳೆಲ್ಲ ಮಾರಿಹೋಗಿದ್ದವು. ಒಂದು ಮಾತ್ರ ಜಡೆಪ್ಪನ ಮನೆಯಲ್ಲಿತ್ತು, ಚೆಂದ ಇದೆ ಎಂದು ನನ್ನನ್ನು ಕೇಳಿಯೇ ಒಯ್ದದ್ದು. ಅದನ್ನು ಪರೀಕ್ಷಿಸಲು ರೇಣುಕಾದೇವಿ ತನ್ನ ಮೇಲಧಿಕಾರಿ ರಮಾ ಮೇಡಂ ಅವರಲ್ಲಿ ಅನುಮತಿ ಕೇಳಿದಳು. ಮೇಡಂ ಎರಡು ಷರತ್ತು ಹಾಕಿದರು. ಮೆಷಿನ್ನಿನ ಒಳಗೆ ಅದರ ಮೇಲ್ಮೈಯನ್ನು ಕೆರೆಯುವಂತಿಲ್ಲ; ಬೆರಿಲಿಯಂ ಇದ್ದರೆ ಒಳಗೆಲ್ಲ ಹರಡುತ್ತದೆ. ಎರಡನೆಯದು, ಅಪ್ಪನ ಮಾದರಿಯನ್ನು ಮಗಳು ಅಳೆಯುವಂತಿಲ್ಲ, ಅವಳ ಜೊತೆ ಕೆಲಸ ಮಾಡುವ ಕಂಪ್ಲಿಯ ಯಲ್ಲೇಶ್ ಅಳೆಯಬೇಕು. ರೇಣುಕಾದೇವಿ ತಾನೂ ಅದನ್ನೇ ಕೇಳಲು ಬಂದಿದ್ದೆ ಅಂದಳಂತೆ.

ಶುಕ್ರವಾರ ಸುತ್ತಿಗೆ ಮೆಷಿನ್ನಿಗೆ ಹೋಯಿತು. ಮೂರು ಗಂಟೆಗೆ ಅವಳ ಫೋನ್ ಬಂತು: ಬೆರಿಲಿಯಂ ಕಾಣಲಿಲ್ಲವಂತೆ. ನಾನು ತಕ್ಷಣ ಎರಡು ಪೊಟ್ಟಣ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಜಡೆಪ್ಪನ ಮನೆಗೆ ಹೋದೆ. ಟಿಬಿಯವನ ಮನೆಗೆ ಖುಷಿಯಿಂದ ಮಿರ್ಚಿ ಒಯ್ದವನು ಊರಲ್ಲಿ ನಾನೊಬ್ಬನೇ ಇರಬೇಕು. ಅವನ ಹೆಂಡತಿ ಸುಂಕಲಮ್ಮ ಬುದ್ಧನ ಪಟಕ್ಕೆ ಊದಿನಕಡ್ಡಿ ಹಚ್ಚಿದಳು. ಜಡೆಪ್ಪ ಗೋಡೆಗೆ ಒರಗಿಕೊಂಡೇ ಒಂದು ಮಿರ್ಚಿ ತಿಂದು, ಖಾರಕ್ಕೋ ಕಾಯಿಲೆಗೋ ಹತ್ತು ನಿಮಿಷ ಕೆಮ್ಮಿದ.

ಆರೂವರೆಗೆ ರೇಣುಕಾದೇವಿ ಬಂದಳು. ಕೈಯಲ್ಲೊಂದು ಹಾಳೆ, ಅದರ ಮೇಲೆ ಗುಡ್ಡಸಾಲಿನ ಹಾಗೆ ಏರಿಳಿಯುವ ಒಂದು ಗೆರೆ. ಚಪ್ಪಲಿ ಬಿಡುವ ಮೊದಲೇ ಅಮ್ಮನನ್ನು ಕೇಳಿದಳು.

"ಯವ್ವಾ, ಸುತ್ತಿಗಿಗೆ ಉಪ್ಪು ಹಚ್ಚಿದ್ಯಾ?"

"ಹುಣಸಿಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಅಷ್ಟು ದೊಡ್ಡ ಮಷಿನ್ನಿಗೆ ಹೊಂಟೈತಿ, ಕರ್ರಗ ಹಂಗ ಕಳಸಾಕ ಆಗ್ತೈತೇನು? ತಿಕ್ಕಿ, ಚೂರು ಎಣ್ಣಿ ಒರೆಸಿ ಇಟ್ಟಿದ್ದೆ."

ರೇಣುಕಾದೇವಿ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಹಾಳೆಯನ್ನು ನನಗೆ ತೋರಿಸಿ ಹೇಳಿದಳು. ಮಾದರಿಯ ಮೇಲೆ ಎಕ್ಸ್‌ರೇ ಬಿಟ್ಟರೆ ಒಳಗಿನಿಂದ ಎಲೆಕ್ಟ್ರಾನುಗಳು ಎದ್ದು ಹೊರಗೆ ಹಾರುತ್ತವೆ. ಯಾವ ಧಾತುವಿನದು ಎಷ್ಟು ಬಲದಿಂದ ಹೊರಬರುತ್ತದೆ ಎನ್ನುವುದು ಮೊದಲೇ ಗೊತ್ತು. ಬಲ ಅಳೆದರೆ ಧಾತು ಯಾವುದೆಂದು ತಿಳಿಯುತ್ತದೆ. ಆದರೆ ಕಿಕ್ಕಿರಿದ ಹೊಸಪೇಟೆ ಬಸ್ಸಿನಲ್ಲಿ ಬಾಗಿಲ ಬಳಿ ನಿಂತವರು ಮಾತ್ರ ಅಂಗಿ ಗುಂಡಿ ಸಮೇತ ಇಳಿಯುತ್ತಾರೆ. ಹಿಂದಿನ ಸೀಟಿನವರು ತಳ್ಳಾಟದಲ್ಲಿ ಎಲ್ಲ ಕಳಕೊಂಡು ಇಳಿಯುವಷ್ಟರಲ್ಲಿ ಗುರುತೇ ಸಿಗುವುದಿಲ್ಲ. ಮೆಷಿನ್ನಿಗೆ ಕಾಣುವುದು ಬಾಗಿಲ ಬಳಿಯವರು, ಅಂದರೆ ಮೇಲಿನ ಕೆಲವೇ ಪದರ. ಈ ಹಾಳೆಯಲ್ಲಿ ಬಾಗಿಲ ಬಳಿ ನಿಂತಿರುವುದು ಎಣ್ಣೆ, ಉಪ್ಪು, ಮತ್ತೆ ಹುಳಿಯಲ್ಲಿ ಮಿಕ್ಕದ್ದೆಲ್ಲ ತೊಳೆದುಹೋಗಿ ಉಳಿದ ತಾಮ್ರ. ಸುತ್ತಿಗೆಯದಲ್ಲ, ನಮ್ಮ ಅಡಿಗೆಮನೆಯ ಪರೀಕ್ಷೆ ಆಗಿದೆ.

ಬೆರಿಲಿಯಂ ಇಲ್ಲ ಎಂಬ ಉತ್ತರವನ್ನು ಹಾಳೆ ಕೊಟ್ಟೇಬಿಟ್ಟಿತ್ತು. ಯಲ್ಲೇಶ್ ಅದನ್ನು ಬರೆದೂ ಆಗಿತ್ತು. ಆ ಗೆರೆಯಲ್ಲಿ ಉಪ್ಪನ್ನು ತೋರಿಸುವ ಸೋಡಿಯಂ, ಕ್ಲೋರಿನ್ನಿನ ಎರಡು ಮೊನೆಗಳನ್ನು ಅವಳು ಕಂಡೂ ಕಾಣದಂತೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಷ್ಟಕ್ಕೂ ಅವಳಿಗೆ ಬೇಕಾದ ಉತ್ತರ ಅದೇ ಆಗಿತ್ತು. ಟಿಬಿ ವಾಸಿಯಾಗುತ್ತದೆ, ಬೆರಿಲಿಯಂ ರೋಗವನ್ನು ಹಿಡಿದು ನಿಲ್ಲಿಸಬಹುದು ಅಷ್ಟೆ. ನನಗಂತೂ ಬೇರೆ ಉತ್ತರ ಬೇಡವೇ ಬೇಡವಾಗಿತ್ತು. ಇನ್ನೊಂದು ಸಲ ಸುತ್ತಿಗೆ ಒಯ್ಯೋಣ, ಕತ್ತರಿಸಿ ಒಳಭಾಗ ನೋಡೋಣ ಎಂದೆ, ಅದೂ ಬಾಯಿಮಾತಿಗೆ. ಅವಳು ತಲೆಯಾಡಿಸಿದಳು. ಹರಾಜಿನ ಲಾಟಿನಲ್ಲಿ ಎರಡೂ ಬಗೆ ಬೆರೆತಿದ್ದಿರಬಹುದು. ಈ ಒಂದು ಸುತ್ತಿಗೆ ತನ್ನ ಕಥೆ ಹೇಳುತ್ತದೆ, ಅಪ್ಪ ಕುಡಿದದ್ದನ್ನು ಹೇಳುವುದಿಲ್ಲ. ಬೇಕಾಗಿರುವುದು ಆ ಎಂಟು ತಿಂಗಳ ಧೂಳು.

ಎಂಟು ತಿಂಗಳ ಧೂಳು ಎಲ್ಲಿ ಸಿಗಬೇಕು? ನನ್ನ ಷೆಡ್ಡನ್ನು ಪ್ರತಿ ಅಮಾವಾಸ್ಯೆಗೆ ನೀರು ಹೊಡೆದು ತೊಳೆದು, ಚಕ್ರಕ್ಕೆ ವಿಭೂತಿ ಬಳಿದು, ನಿಂಬೆಹಣ್ಣು ಕಟ್ಟುತ್ತೇವೆ. ಮೂರು ವರ್ಷಕ್ಕೆ ಮೂವತ್ತಾರು ಸಲ ತೊಳೆದಾಗಿತ್ತು. ಅಂಗಡಿ ಅಚ್ಚುಕಟ್ಟು ಎಂದು ಹೆಸರು ತಗೊಂಡವನು ನಾನು. ಶನಿವಾರ ಬೆಳಿಗ್ಗೆ ಅವಳು ಮುಖಕ್ಕೆ ಬಿಗಿಯಾದ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಬಂದಳು. ನನ್ನನ್ನು ಬಾಗಿಲಾಚೆ ನಿಲ್ಲಿಸಿದಳು. ಕಿಟಕಿ ದಂಡೆ, ತೊಲೆ, ದೇವರ ಗೂಡು, ಎಲ್ಲ ನೋಡಿದಳು. ಎಲ್ಲ ಶುದ್ಧ. ನಮ್ಮ ಆಳುಗಳು ಇಷ್ಟು ನಿಯತ್ತಾಗಿ ಕೆಲಸ ಮಾಡಿದ್ದಾರೆ ಎಂದು ನನಗೆ ಆವತ್ತೇ ತಿಳಿದದ್ದು, ಅದೂ ತಿಳಿಯಬಾರದ ದಿನ.

ಅವಳು ನಡುವೆ ನಿಂತು ಸುತ್ತ ನೋಡುತ್ತ ಕೇಳಿದಳು.

"ಕಾಕಾ, ತೊಳಿಯೋರು ಯಾವುದನ್ನ ಮುಟ್ಟಂಗಿಲ್ಲ?"

"ಎಲ್ಲಾ ತೊಳೀತಾರವ್ವ. ಕರೆಂಟಿನ ಮೀಟರ್ ಒಂದು ಬಿಟ್ಟು. ನೀರು ಬಿದ್ರ ಹೊಡಿತೈತಿ ಅಂತ ನಾನ ಹೇಳೀನಿ."

ಹೇಳಿ ಮುಗಿಸುವ ಮೊದಲೇ ನನಗೆ ಅರ್ಥವಾಯಿತು. ಹಳೆಯ ಮರದ ಮೀಟರ್ ಬೋರ್ಡು ಗ್ರೈಂಡಿಂಗ್ ಚಕ್ರದ ನೇರ ಮೇಲೆ, ಒಂದಾಳೆತ್ತರದಲ್ಲಿತ್ತು. ಅವಳು ಮೇನ್ ಸ್ವಿಚ್ ಆರಿಸಿ ಸ್ಟೂಲು ಹತ್ತಿದಳು. ಬೋರ್ಡಿನ ಮೇಲಂಚಿನಲ್ಲಿ ಕಂದು ಧೂಳು ಬೆರಳಿನ ದಪ್ಪ ಕೂತಿತ್ತು. ಊದಲಿಲ್ಲ, ಗುಡಿಸಲಿಲ್ಲ. ಮೇಲಿನ ಹೊಸ ಧೂಳು ಬಿಟ್ಟು ಅದರ ಕೆಳಗಿನ ಪದರದಿಂದ ಸಣ್ಣ ಚಮಚದಲ್ಲಿ ಸಾಸಿವೆ ಕಾಳಿನಷ್ಟು ಎತ್ತಿ ಗಾಜಿನ ಶೀಶೆಗೆ ಹಾಕಿ ಮುಚ್ಚಿದಳು. ಕೆಳಗಿಳಿದ ಮೇಲೆ, ಇವತ್ತಿನಿಂದ ಈ ಷೆಡ್ಡಿಗೆ ಬೀಗ, ಯಾರನ್ನೂ ಒಳಗೆ ಬಿಡಬ್ಯಾಡ್ರಿ ಅಂದಳು. ಆಗಲಿ ಅಂದೆ. ಇಪ್ಪತ್ತಾರು ವರ್ಷದ ಆಳಿನ ಮಗಳು ನನ್ನ ಷೆಡ್ಡಿಗೆ ಬೀಗ ಹಾಕಿಸಿದಳು. ಕೀಲಿ ತಿರುಗಿಸಿದವನು ನಾನೇ.

ಆಮೇಲೆ ಅವಳು ಇನ್ನೆರಡು ಶೀಶೆ ತುಂಬಿದಳು. ಒಂದಕ್ಕೆ ನನ್ನ ಅಂಗಡಿ ಮುಂದಿನ ರಸ್ತೆಯ ಧೂಳು, ಇನ್ನೊಂದಕ್ಕೆ ಲ್ಯಾಬಿನಲ್ಲೇ ಇದ್ದ ಅಲ್ಯೂಮಿನಿಯಂ ಕಂಚಿನ ಪುಡಿ. ಮೂರಕ್ಕೂ ಬರೀ ಅಂಕೆ. ಯಾವ ಅಂಕೆ ಯಾವುದರದ್ದು ಎಂದು ಬರೆದ ಚೀಟಿ ರಮಾ ಮೇಡಂ ಅವರ ಕಪಾಟಿನಲ್ಲಿ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು: ಯಲ್ಲೇಶ್ ನನ್ನ ಮುಖ ನೋಡಿ ಓದಬಾರದು, ಅದಕ್ಕೆ.

ಬುಧವಾರ ಬೆಳಿಗ್ಗೆ ಎಂಟಕ್ಕೆ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ದೋಣಿಮಲೈ ಗಣಿ ಕಡೆಯ ಸ್ಟಾಫ್ ಬಸ್ಸುಗಳ ಹಿಂದೆ ಧೂಳು ಕುಡಿಯುತ್ತ ಹೋಗುವಾಗ ಅವತ್ತು ಮೊದಲ ಸಲ ಕಿಟಕಿ ಮುಚ್ಚಿಕೊಂಡೆ. ಲ್ಯಾಬಿನಲ್ಲಿ ಚಪ್ಪಲಿ ಬಿಡಿಸಿ ಗಾಜಿನ ಈಚೆ ಒಂದು ಕುರ್ಚಿ ಕೊಟ್ಟರು. ಮೆಷಿನ್ನು ನೋಡಲು ಹಾಲಿನ ಡೇರಿಯ ಉಕ್ಕಿನ ಡಬ್ಬಗಳನ್ನು ಒಂದಕ್ಕೊಂದು ಬೆಸೆದ ಹಾಗಿದೆ. ಒಳಗಿನ ಗಾಳಿಯನ್ನೆಲ್ಲ ಹಿಂದಿನ ದಿನವೇ ಹೀರಿ ತೆಗೆದಿದ್ದರು. ಮೆತ್ತನೆಯ ಲೋಹದ ಹಾಳೆಗೆ ಒತ್ತಿದ ಮೂರು ಚುಕ್ಕೆ ಧೂಳು ಅದರೊಳಗಿತ್ತು.

ರೇಣುಕಾದೇವಿ ನನ್ನ ಪಕ್ಕದಲ್ಲಿ ಪರದೆಗೆ ಬೆನ್ನು ಹಾಕಿ ಕೂತಳು. ಬೆರಿಲಿಯಂ ಕೊಡುವ ಸಂಕೇತ ಭಾಳ ಸಣ್ಣದು, ಒಂದೇ ಜಾಗವನ್ನು ನೂರಾರು ಸಲ ಓದಿ ಕೂಡಿಸಬೇಕು ಎಂದು ಹೇಳಿದಳು. ಅಳತೆಯ ಪಟ್ಟಿಯಲ್ಲಿ ಮೂರು ಲೋಹಗಳೂ ಒಂದೇ ಓಣಿಯವು. ಗಾಳಿ ತಾಗಿ ಸುಟ್ಟ ಬೆರಿಲಿಯಂ ನೂರಾ ಹದಿನಾಲ್ಕರ ಮನೆ, ಅಲ್ಯೂಮಿನಿಯಂ ನೂರಾ ಹತ್ತೊಂಬತ್ತು, ತಾಮ್ರ ನೂರಾ ಇಪ್ಪತ್ತೆರಡು. ತಾಮ್ರದ್ದು ದೊಡ್ಡ ಗುಡ್ಡ. ಅದರ ಪಕ್ಕದಲ್ಲಿ ಏನಾದರೂ ಚಿಗುರುತ್ತದೆಯೇ ಎಂದು ಕಾಯುವುದು. ಅಷ್ಟು ಹೇಳಿದವಳು ಬ್ಯಾಗಿನಿಂದ ಅಪ್ಪನ ತೂಕ ಬರೆದಿಟ್ಟ ಚೀಟಿ ತೆಗೆದು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ನಾನು ಗೋಡೆ ಗಡಿಯಾರ ನೋಡಿದೆ. ಒಂಬತ್ತೂಕಾಲು.

ಒಂದನೇ ಚುಕ್ಕೆಯಲ್ಲಿ ಕಬ್ಬಿಣ, ಮಣ್ಣು ಬಿಟ್ಟರೆ ಏನಿಲ್ಲ. ಅದು ನನ್ನ ರಸ್ತೆ ಎಂದು ನನಗೂ ಗೊತ್ತಾಯಿತು. ಸಂಡೂರಿನ ಅದಿರು ಕುಡಿಯದ ರಸ್ತೆ ನಮ್ಮ ಕಡೆ ಯಾವುದಿದೆ? ಎರಡನೆಯದರಲ್ಲಿ ತಾಮ್ರದ ಪಕ್ಕ ಅಲ್ಯೂಮಿನಿಯಂ ಎಂದ ಯಲ್ಲೇಶ್. ಮೂರನೆಯದಕ್ಕೆ ಬರುವಾಗ ಹನ್ನೊಂದೂವರೆ. ಒಂದೂವರೆವರೆಗೆ ಅವನು ಓದಿದ್ದನ್ನೇ ಓದಿ ಕೂಡಿಸಿದ. ಆಮೇಲೆ ತಾಮ್ರದ ಪಕ್ಕ ಒಂದು ಸಣ್ಣ ಉಬ್ಬು ಇದೆ, ನೂರಾ ಹದಿನೇಳೂವರೆ ಚಿಲ್ಲರೆ ಅಂದ. ಹದಿನಾಲ್ಕಕ್ಕಿಂತ ಹತ್ತೊಂಬತ್ತಕ್ಕೆ ಹತ್ತಿರ. ಇದೂ ಅಲ್ಯೂಮಿನಿಯಂ ಇದ್ದಂಗೈತ್ರಿ ಎಂದ.

ರೇಣುಕಾದೇವಿ ಮುಖ ಮುಚ್ಚಿಕೊಂಡಳು. ಅಳುವೋ ಉಸಿರೋ ತಿಳಿಯಲಿಲ್ಲ. ನನಗೆ ಎದೆಯ ಮೇಲಿನ ಚೀಲ ಇಳಿಸಿದಂತಾಯಿತು. ಎದ್ದು ಹೋಗಬಹುದಾಗಿತ್ತು. ಆದರೆ ಮೂವತ್ತು ವರ್ಷ ಬೇರೆಯವರ ತಕ್ಕಡಿಯ ಮುಂದೆ ನಿಂತವನ ಬಾಯಿಗೆ ಒಂದು ಚಟ ಅಂಟಿರುತ್ತದೆ, ಮಾಲು ಏರಿಸುವ ಮೊದಲೂ ಕೇಳುತ್ತದೆ, ಇಳಿಸಿದ ಮೇಲೂ ಕೇಳುತ್ತದೆ.

"ಯಲ್ಲೇಶಪ್ಪಾ, ನಿನ್ನ ಕಾಟಾದ್ದು ಸೊನ್ನೆ ನೋಡಿದ್ಯೇನು?"

"ಅದು ಕೊನಿಗೆ ಮಾಡ್ತೀವ್ರಿ," ಎಂದ ಅವನು. ಆಮೇಲೆ ಪರದೆಯ ಕಡೆ ತಿರುಗಿದ. ಒಣ ಪುಡಿಯಿಂದ ಎಲೆಕ್ಟ್ರಾನುಗಳು ಹಾರಿಹೋದಂತೆ ಪುಡಿಯಲ್ಲಿ ವಿದ್ಯುತ್ತು ತುಂಬಿ, ಎಲ್ಲ ಅಳತೆಗಳೂ ಒಟ್ಟಿಗೆ ಮೇಲಕ್ಕೆ ಸರಿಯುತ್ತವಂತೆ. ಎಷ್ಟು ಸರಿದಿದೆ ಎಂದು ತಿಳಿಯಲು ಪ್ರತಿ ವಸ್ತುವಿನ ಮೇಲೂ ಗಾಳಿಯಿಂದ ಕೂತಿರುವ ಇಂಗಾಲವನ್ನು ನೋಡುತ್ತಾರೆ. ಅದರ ಮನೆ ಇನ್ನೂರ ಎಂಬತ್ತೈದಕ್ಕೆ ಚೂರು ಕಡಿಮೆ. ಯಲ್ಲೇಶ್ ನೋಡಿದ. ಮೂರನೇ ಚುಕ್ಕೆಯ ಇಂಗಾಲ ಇನ್ನೂರ ಎಂಬತ್ತೆಂಟು ದಾಟಿ ನಿಂತಿತ್ತು. ತಾಮ್ರವೂ ಅಷ್ಟೇ ಸರಿದಿತ್ತು. ಮೂರೂವರೆ ಕಳೆಯಬೇಕು.

ಕಳೆಯಲು ಯಾರಿಗೂ ಮೆಷಿನ್ ಬೇಕಾಗಿರಲಿಲ್ಲ. ನೂರಾ ಹದಿನಾಲ್ಕು, ಬೆರಿಲಿಯಂ ಮನೆ.

ರಮಾ ಮೇಡಂ ಕಪಾಟಿನಿಂದ ಚೀಟಿ ತಂದು ಬಿಚ್ಚಿದರು. ಮೂರು ಎಂದರೆ ಮೀಟರ್ ಬೋರ್ಡು. ಬರೀ ಒಂದು ಮೊನೆಯ ಮೇಲೆ ರೋಗ ನಿರ್ಧರಿಸಬಾರದು ಎಂದು ಅವರು ಇನ್ನೊಂದು ರೀತಿಯಲ್ಲಿ, ಎಕ್ಸ್‌ರೇ ಬದಲು ಎಲೆಕ್ಟ್ರಾನು ಕಿರಣವನ್ನೇ ಹಾಯಿಸಿ ಓದಿಸಿದರು. ಅಲ್ಲಿ ಅಲ್ಯೂಮಿನಿಯಂ ಬಂದರೂ ಬೇರೆ ಓಣಿಯಲ್ಲಿ ಬರುತ್ತದೆ, ಗೊಂದಲವಿಲ್ಲ. ಅಲ್ಲೂ ಬೆರಿಲಿಯಂ ಆಕ್ಸೈಡೇ ಬಂತು. ಆಗಷ್ಟೇ ರೇಣುಕಾದೇವಿ ಪರದೆಯ ಕಡೆ ತಿರುಗಿದಳು. ಎದ್ದು ಹೋಗಿ ಆ ಉಬ್ಬಿನ ಮೇಲೆ ಬೆರಳಿಟ್ಟಳು, ಬಸ್ಸಿನ ಬಾಗಿಲ ಬಳಿ ನಿಂತವರನ್ನು ಗುರುತು ಹಿಡಿಯುವಂತೆ ನೋಡಿದಳು.

"ನೀವು ಸುಮ್ಮನ ಕುಂತಿದ್ರ ನಡೀತಿತ್ತು, ಕಾಕಾ," ಅಂದಳು.

"ಇನ್ನ ಅರ್ಧ ತಾಸಿಗೆ ನೀನ ನೋಡ್ತಿದ್ದಿ."

"ಹೌದು. ನೋಡ್ತಿದ್ದೆ."

ಗುರುವಾರ ಬಳ್ಳಾರಿಯಲ್ಲಿ ಡಾಕ್ಟರು ವರದಿಯನ್ನು ಎರಡು ಸಲ ಓದಿದರು. ಧೂಳಿನಲ್ಲಿ ಇದೆ ಎಂದ ಮಾತ್ರಕ್ಕೆ ರೋಗ ಅದೇ ಎಂದಾಗುವುದಿಲ್ಲ, ರಕ್ತವನ್ನು ದೂರದ ಊರಿಗೆ ಕಳಿಸಿ ಖಚಿತಪಡಿಸಬೇಕು ಎಂದರು. ಆದರೆ ಗಂಟು ಇರುವುದು, ಕ್ರಿಮಿ ಇಲ್ಲದಿರುವುದು, ಈಗ ಈ ಧೂಳು, ಮೂರೂ ಒಂದೇ ಕಡೆ ಬೆರಳು ಮಾಡುತ್ತಿವೆ ಎಂದು ಹೇಳಿ ಹಳೆಯ ಮಾತ್ರೆ ನಿಲ್ಲಿಸಿ ಹೊಸದು ಬರೆದರು. ಜಡೆಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತು ನನ್ನನ್ನು ಹತ್ತಿರ ಕರೆದ. ನಾನು ಬೈಗುಳಕ್ಕೆ ಸಿದ್ಧವಾಗಿಯೇ ಹೋದೆ.

"ಸಾವ್ಕಾರ್ರ, ಉಳಿದ ಸುತ್ತಿಗಿ ಯಾರ‍್ಯಾರು ಒಯ್ದಾರ? ನಾ ಹೊಳಪು ಮಾಡಿದ್ದು ಮಾಸಿದ್ರ ಅವರೂ ಚಕ್ರಕ್ಕ ಹಿಡಿತಾರ."

ಗಿರಾಕಿಗಳ ಹೆಸರನ್ನು ನಾನು ಹೆಂಡತಿಗೂ ಹೇಳಿದವನಲ್ಲ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಹದಿಮೂರು ಹೆಸರು ಹೇಳಿದೆ, ರೇಣುಕಾದೇವಿ ವರದಿಯ ಹಿಂಬದಿಗೆ ಬರೆದುಕೊಂಡಳು. ಹನ್ನೆರಡು ಜನ ಫೋನಿಗೆ ಸಿಕ್ಕರು. ಕಂಪ್ಲಿಯ ಮುದುಕಪ್ಪ ಎಂಬ ವರ್ಕ್‌ಷಾಪಿನವನು ಮಾತ್ರ ಎತ್ತಲಿಲ್ಲ. ಅಪ್ಪನನ್ನು ಮನೆಗೆ ಬಿಟ್ಟು ಅವಳು ನನ್ನ ಜೊತೆ ಕಂಪ್ಲಿ ಬಸ್ಸು ಹತ್ತಿದಳು.

ಮುದುಕಪ್ಪ ಫೋನು ಎತ್ತದಿದ್ದಕ್ಕೆ ಕಾರಣ ಬಾಗಿಲಿನಿಂದಲೇ ಕೇಳಿಸಿತು. ಚಕ್ರ ತಿರುಗುತ್ತಿತ್ತು. ನನ್ನಿಂದ ಒಯ್ದ ಉಳಿಯನ್ನು ಅವನು ಅದಕ್ಕೆ ಹಿಡಿದು ಕೂತಿದ್ದ, ಮೂಗಿಗೆ ಟವೆಲ್ ಕಟ್ಟಿಕೊಂಡು. ನಾನು ಯೋಗಕ್ಷೇಮದ ಮಾತಿನಿಂದ ಶುರುಮಾಡಬೇಕೆಂದಿದ್ದೆ. ರೇಣುಕಾದೇವಿ ಬ್ಯಾಗಿನಿಂದ ಮಾಸ್ಕ್ ತೆಗೆದು ಮುಖಕ್ಕೆ ಬಿಗಿದುಕೊಂಡು ನೇರ ಗೋಡೆಗೆ ಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದಳು. ಚಕ್ರ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಮುದುಕಪ್ಪ ಟವೆಲ್ ಇಳಿಸಿ, ಯಾರವ್ವ ನೀನು ಎಂದು ಕೇಳುವಷ್ಟರಲ್ಲಿ ಅವಳು ಅವನನ್ನು ಹೊರಗೆ ಬರಲು ಹೇಳಿ, ತಲೆ ಎತ್ತಿ ಅವನ ಮೀಟರ್ ಬೋರ್ಡಿನ ಮೇಲಂಚನ್ನು ನೋಡುತ್ತಿದ್ದಳು.